ನೀಲಿ ಮುಚ್ಚಳದೊಳಗಿನ ಎಸಳು

ಇದು ನಿಜವಾಗಿ ನಡೆದ ಕಥೆ. ನಡೆಯಲು ಒಲ್ಲೆ ಎಂದದ್ದು ಲಾರಿ ಮಾತ್ರ.

"ನಿಂತೇ ಹೋಗಿದ್ರೆ ಪರವಾಗಿರ್ಲಿಲ್ಲ ಆಪಾ," ಎಂದ ಅಕ್ರಮ್, ಮೂಗನ್ನು ಸುರ್ ಎಂದು ಎಳೆದುಕೊಂಡು. "ಕ್ಯಾಬಿನ್ ಎತ್ತಿ, ಕೆಟ್ಟೈತೆ ಅಂತ ತೋರಿಸ್ತಿದ್ದೆ. ಇದು ನಿಲ್ಲಂಗೂ ಇಲ್ಲ, ಓಡಂಗೂ ಇಲ್ಲ. ತಳಕು ದಾಟಿದ್ಮ್ಯಾಲೆ ಏರಿನಾಗೆ ತೆವಳ್ತೈತೆ, ತೆವಳ್ತೈತೆ. ಹೊಟ್ಟಿನ ಟ್ರ್ಯಾಕ್ಟರ್ನೋನು ಹಾರ್ನ್ ಹೊಡ್ದು ಮುಂದಕ್ಕೋದ. ಕುರಿ ಕಾಯೋನು ಹತ್ರ ಬಂದು, ಅಣ್ಣಾ, ಬೇಕಾದ್ರೆ ನಮ್ಮ ಮಂದೆಗೆ ಸೇರಿಸ್ಕಂತೀನಿ ಅಂದ."

ವಿನೋದ್ ನಕ್ಕ. ಶಹನಾಜ್ ನಗಲಿಲ್ಲ. ಅವಳು ಲಾರಿಯ ಪಕ್ಕೆಗೆ ಬಗ್ಗಿ ನೀಲಿ ಮುಚ್ಚಳದ ಟ್ಯಾಂಕನ್ನೇ ನೋಡುತ್ತಿದ್ದಳು.

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಹೊಗೆ ತಪಾಸಣೆ ಕೇಂದ್ರ ಇಟ್ಟುಕೊಂಡಿದ್ದ ಶಹನಾಜಳನ್ನು ಊರು ಕರೆಯುವುದು ಹೊಗೆ ಆಪಾ ಎಂದು. ಗಾಡಿಗಳ ಬಾಲಕ್ಕೆ ಪೈಪು ಸಿಗಿಸಿ ಪಾಸೋ ಫೇಲೋ ಹೇಳುವುದು ಅವಳ ಹೊಟ್ಟೆಪಾಡು. ಊರಿನ ಕಿತಾಪತಿಗಳ ಬಾಲ ಹಿಡಿಯುವುದು ಅವಳ ಚಟ. ಕೇಂದ್ರದಲ್ಲಿ ಸರ್ಟಿಫಿಕೇಟು ಪ್ರಿಂಟ್ ಹಾಕುವ ವಿನೋದ್ ಮೊಳಕಾಲ್ಮೂರಿನ ಮಗ್ಗದ ಮನೆಯವನು, ಬಿ.ಕಾಂ. ಪಾಸು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಗಂಟಲಲ್ಲಿ ಊರಿನವರೆಲ್ಲರ ದನಿ.

"ಇದ್ರೊಳಗೆ ಏನ್ ಹಾಕಿದ್ದೆ?" ಶಹನಾಜ್ ಕೇಳಿದಳು.

"ಯೂರಿಯಾ ನೀರು. ಅಂಗಡಿಯಿಂದ ಸೀಲ್ ಒಡೀದೇ ಇರೋ ಕ್ಯಾನ್. ಈ ಹೊಸ ರೂಲಿನ ಗಾಡಿಗಳು ಡೀಸೆಲ್ ಕುಡಿಯೋದಲ್ದೆ ಇದನ್ನೂ ಕುಡೀಬೇಕಲ್ಲ. ಹೊಗೆ ತೊಳೆಯೋಕೆ. ಇದು ಚೂರು ತೆಳ್ಳಗಾದ್ರೂ ಒಳಗಿನ ಕಂಪ್ಯೂಟರ್ಗೆ ಗೊತ್ತಾಗ್ತೈತೆ, ಲೈಟ್ ಹಚ್ಚಿ ಇಂಜಿನ್ ಕುತ್ತಿಗೆ ಹಿಡೀತೈತೆ. ಬಿಡ್ಸಾಕೆ ಶೋರೂಮಿಂದ ಲ್ಯಾಪ್‌ಟಾಪ್ನೋರು ಬರ್ಬೇಕು."

"ದೊಡ್ಡ ಟ್ರಾನ್ಸ್‌ಪೋರ್ಟ್ನೋರಿಗೂ ಇದೇ ಗಾಡಿ ಅಲ್ವಾ?"

"ಅವ್ರದ್ದು ಒಂದು ನಿಂತ್ರೆ ಇನ್ನೊಂದು ಕಳಿಸ್ತಾರೆ ಆಪಾ. ನಂದು ನಿಂತ್ರೆ ನಾನೇ ನಿಂತಂಗೆ."

ಈರುಳ್ಳಿ ಮಂಡಿಯ ಅಂಗಳದಲ್ಲಿ ಹಮಾಲರು ಮೂಟೆ ಏರಿಸುತ್ತಿದ್ದರು. ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ಮಂಡಿಯ ಯಜಮಾನಿ ಬೋರಕ್ಕ ಅಲ್ಲಿಂದಲೇ ಕೂಗಿದಳು.

"ಅಕ್ರಮಾ, ಮೂರು ಸಲ ನನ್ನ ಮಾಲು ದಾರ್ಯಾಗೇ ಬೆವ್ರೈತೆ. ಇವತ್ತೂ ತೆವಳಿದ್ರೆ ಮುಂದಿನ ಲೋಡು ಮೊಳಕಾಲ್ಮೂರು ಯರ್ರಪ್ಪನಿಗೆ. ಅವನ ಗಾಡಿ ಕರ್ರಗೆ ಹೊಗೆ ಕಾರ್ಲಿ, ಕೆಂಪಗೆ ಕಾರ್ಲಿ, ಬೆಳಗಾಗೋದ್ರಾಗೆ ಮಾಲು ಮುಟ್ಟಿಸ್ತಾನೆ."

ಅಕ್ರಮ್ ತಲೆ ತಗ್ಗಿಸಿದ. "ಮುಟ್ಟಿಸ್ತೀನಕ್ಕಾ, ಮುಟ್ಟಿಸ್ತೀನಿ."

ಶಹನಾಜಳಿಗೆ ಆ ತಗ್ಗಿದ ತಲೆಯ ಪರಿಚಯವಿತ್ತು. ಇಂಥದೇ ತಲೆಯನ್ನು ಅವನ ಅಪ್ಪ ಇಮಾಮ್ ಸಾಬರ ಕುತ್ತಿಗೆಯ ಮೇಲೆ ಅವಳು ನೋಡಿದ್ದಳು. ಅವರ ಹಳೇ ಲಾರಿಯ ಹೊಗೆಗೆ ಅವಳ ಮಿಷಿನ್ನು ಫೇಲ್ ಎಂದಿತ್ತು. ಲಾರಿ ಗುಜರಿಗೆ ಹೋಯಿತು, ಇಮಾಮ್ ಸಾಬರು ಮನೆಯ ಮೂಲೆ ಸೇರಿದರು. ಅಲ್ಲಾಡುವ ಕೈಯಲ್ಲಿ ಕ್ಲೀನರ್ ಕೆಲಸವೂ ಆಗದು ಎಂದು ನಕ್ಕಿದ್ದರಂತೆ. ಆಮೇಲೆ ಮಂಡಿಯ ಕಡೆ ಮುಖ ಹಾಕಿರಲಿಲ್ಲ. ಹಳೆಯದನ್ನು ನುಂಗಿದ ರೂಲು ಹೊಸದನ್ನೂ ನುಂಗಿದರೆ ಆ ಮನೆಗೆ ಉಳಿಯುವುದು ಬರೀ ಹಾರ್ನಿನ ನೆನಪು.

"ಅಮ್ಮೀ, ಊಟ ಇಡು, ಇಡು. ಸುರ್ರ್."

ಅಕ್ರಮ್ ಬೆಚ್ಚಿ ಸುತ್ತ ನೋಡಿದ. ಅದು ಅವನದೇ ದನಿ, ಅವನದೇ ಮೂಗು. ಬಾಯಿ ಮಾತ್ರ ವಿನೋದನದು. ಹಮಾಲರು ಮೂಟೆ ಇಳಿಸಿ ನಕ್ಕರು.

"ಲೇ ವಿನೋದಾ," ಎಂದ ಅಕ್ರಮ್, ಕಿವಿ ಕೆಂಪಾಗಿ. "ಗಾಡಿದು ಮರ್ಯಾದೆ ಹೋಗೈತೆ. ನಂದಾದ್ರೂ ಉಳಿಸು."

"ಸುಮ್ನಿರು ವಿನೋದ್," ಎಂದಳು ಶಹನಾಜ್. ಆಗಲೇ ಅವಳ ಬೆರಳಿಗೆ ಏನೋ ಸಿಕ್ಕಿತ್ತು.

ಟ್ಯಾಂಕಿನ ಬಾಯಿಯ ಜಾಲರಿಗೆ ಒಂದು ಎಸಳು ಅಂಟಿತ್ತು. ಗುಲಾಬಿಯದು. ಬಾಡಿ ಕಂದಾಗಿತ್ತು.

ಅವಳು ಚೀಲದಿಂದ, ಯೂರಿಯಾ ಎಷ್ಟು ಗಟ್ಟಿ ಎಂದು ಅಳೆಯುವ ಗೇಣುದ್ದದ ನಳಿಗೆಯೊಂದನ್ನು ತೆಗೆದು, ಟ್ಯಾಂಕಿನ ಒಂದು ತೊಟ್ಟನ್ನು ಅದರ ಗಾಜಿಗಿಟ್ಟು, ಬಿಸಿಲಿಗೆ ಹಿಡಿದು ನೋಡಿದಳು. ಗೆರೆ ಇರಬೇಕಾದ ಜಾಗಕ್ಕಿಂತ ಎಷ್ಟೋ ಕೆಳಗಿತ್ತು.

"ನೀರು ಬೆರೆಸ್ಯಾರೆ."

"ಯಾರು?" ಅಕ್ರಮ್ ಟ್ಯಾಂಕಿಗೆ ಬಗ್ಗಿದ. "ಯಾರು ಬೆರೆಸ್ತಾರೆ ಆಪಾ? ಯಾರಿಗೇನು ಮಾಡೀನಿ ನಾನು?"

ಶಹನಾಜ್ ಎಸಳನ್ನು ಅಂಗೈಯಲ್ಲಿಟ್ಟುಕೊಂಡು ಯೋಚಿಸಿದಳು. ಊರಲ್ಲಿ ಗಾಡಿಗೆ ಹಾಕುವ ನೀರಿನಲ್ಲಿ ಗುಲಾಬಿ ಎಸಳು ತೇಲುವುದು ಒಂದೇ ಕಡೆ. ಬಸ್ ಸ್ಟ್ಯಾಂಡ್ ಪಕ್ಕದ ಬಬ್ಲುವಿನ ಗ್ಯಾರೇಜು. ಅದಕ್ಕೆ ಒತ್ತಿಕೊಂಡು ಹೂವಿನಂಗಡಿ. ರೇಡಿಯೇಟರಿಗೆ ನೀರು ಬೇಕಾದಾಗೆಲ್ಲ ಬಬ್ಲು ಕೈ ಹಾಕುವುದು ಹೂವಿನವಳ ಬಕೆಟ್ಟಿಗೇ. ಆಕೆ ಬೈಯುವುದು ಇಡೀ ಬಸ್ ಸ್ಟ್ಯಾಂಡಿಗೆ ಕೇಳುತ್ತದೆ.

ಕಾರಣವೂ ಸಿದ್ಧವಿತ್ತು. ಇಮಾಮ್ ಸಾಬರ ಲಾರಿಯ ಹೊಟ್ಟೆಯೊಳಗೆ ಮಲಗಿಯೇ ಬಬ್ಲು ಮೆಕ್ಯಾನಿಕ್ ಆದದ್ದು. ಹೊಸ ಗಾಡಿಗಳು ಅವನ ಗ್ಯಾರೇಜಿನತ್ತ ಮೂಗು ಕೂಡ ತೋರಿಸುವುದಿಲ್ಲ. ಅವುಗಳಿಗೆ ಬೇಕಾದ್ದು ಲ್ಯಾಪ್‌ಟಾಪು, ಅವನಲ್ಲಿರುವುದು ಸ್ಪ್ಯಾನರು. ಅದೂ ಅಲ್ಲದೆ ಯರ್ರಪ್ಪನ ಹಳೇ ಲಾರಿ ಇನ್ನೂ ಉಸಿರಾಡುತ್ತಿರುವುದು ಬಬ್ಲುವಿನ ಕೈಯಲ್ಲೇ. ಯರ್ರಪ್ಪನಿಗೆ ಲೋಡು, ಬಬ್ಲುವಿಗೆ ಕೆಲಸ.

"ಬಬ್ಲು ಅಂತೀಯಾ ಆಪಾ?" ಅಕ್ರಮ್ ಕೇಳಿದ. ಅಲ್ಲ ಎನ್ನಲಿ ಎಂಬ ಆಸೆ ಆ ದನಿಯಲ್ಲಿತ್ತು. ಆದರೆ ಅವನೇ ಮುಂದುವರಿಸಿದ. "ನಂಗೂ ಅನುಮಾನ ಇತ್ತು. ಮೊದ್ಲ ಸಲ ಗಾಡಿ ತೆವಳ್ದಾಗ್ಲೇ ಅವ್ನು, 'ಸೆನ್ಸರ್ ಕಣ್ಣು ಕಟ್ಟೋ ಡಬ್ಬಿ ಸಿಗ್ತೈತೆ, ಹಾಕ್ಲಾ' ಅಂದ. ನಾನು ಒಲ್ಲೆ ಅಂದೆ. ಆವಾಗಿಂದ ಅವನ ಫೋನೇ ಎತ್ತಿಲ್ಲ."

ಶಹನಾಜ್ ವಿನೋದನ ಕಡೆ ತಿರುಗಿದಳು. "ಯರ್ರಪ್ಪನ ದನಿ ಬರ್ತೈತಾ?"

ವಿನೋದನ ಕಣ್ಣು ಮಿನುಗಿತು. ಯರ್ರಪ್ಪ ಅವನ ಬೀದಿಯವನೇ. ಕೇಂದ್ರದ ಇನ್ನೊಂದು ಸಿಮ್ಮಿನಿಂದ ಅವನು ಬಬ್ಲುವಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿದ. ಎಲೆಯಡಿಕೆ ದವಡೆಗೆ ಒತ್ತರಿಸಿಕೊಂಡವನಂತೆ ಒಂದು ಕೆನ್ನೆ ಉಬ್ಬಿತು.

"ಏಮ್ರಾ ಬಬ್ಲೂ, ಯರ್ರಪ್ಪನ್ನಿ. ಹೊಸ ನಂಬರು. ಕೇಳ್ಸ್ಕ. ಅಕ್ರಮ್ ಗಾಡಿ ನೀಲಿ ಮುಚ್ಚಳ್ದಾಗೆ ನೀರು ಹುಯ್ದಿದ್ದು ಸಾಲ್ಲಿಲ್ಲ ರಾ. ಇವತ್ತು ಮತ್ತೆ ಲೋಡಾಗ್ತೈತೆ. ಒಂದು ಕ್ಯಾನ್ ಹಿಡ್ಕಂಡು ಮಂಡೀಗೆ ಬಾ."

ಆ ಕಡೆ ಸ್ಪ್ಯಾನರು ಕೆಳಗೆ ಬಿದ್ದ ಸದ್ದು. ಆಮೇಲೆ ಬರೀ ಉಸಿರು.

"ಬರ್ತೀನಿ," ಎಂದ ಬಬ್ಲು. ಫೋನ್ ಇಟ್ಟ.

"ಸಿಕ್ಕ," ಎಂದಳು ಶಹನಾಜ್.

ಅವರು ಮೂಟೆಗಳ ಹಿಂದೆ ಕಾದರು. ಹಮಾಲರಿಗೆ ವಿಷಯ ಹರಡಿತು. ಮೂಟೆ ಏರುವುದು ನಿಂತಿತು. ಬೋರಕ್ಕ ಕುರ್ಚಿಯನ್ನು ಬಿಸಿಲಿಗೇ ಎಳೆದುಕೊಂಡು ಕೂತಳು, ಚೆನ್ನಾಗಿ ಕಾಣಲಿ ಎಂದು.

ಬಬ್ಲು ಬಂದ. ಮೊಪೆಡ್ಡಿನ ಮುಂದೆ ಬಿಳೀ ಕ್ಯಾನು, ಹೆಗಲಿಗೆ ಸುತ್ತಿದ ಪೈಪು. ಅತ್ತ ಇತ್ತ ನೋಡಿದ. ನೇರ ನೀಲಿ ಮುಚ್ಚಳದ ಹತ್ತಿರ ಹೋಗಿ ಮಂಡಿಯೂರಿದ.

"ಕ್ಯಾನ್ ಕೆಳಗಿಡು ಬಬ್ಲು!"

ಶಹನಾಜ್ ಅದನ್ನು ಇಡೀ ಅಂಗಳಕ್ಕೆ ಕೇಳುವಂತೆಯೇ ಕೂಗಿದ್ದಳು.

ಅಕ್ರಮ್ ಓಡಿಬಂದು ಅವನ ಕೊರಳಪಟ್ಟಿ ಹಿಡಿದ. "ಯಾಕ್ಲೇ? ನಮ್ಮಬ್ಬಾ ನಿಂಗೆ ಕೆಲ್ಸ ಕಲ್ಸಿದ್ದು ಇದಕ್ಕಾ? ನನ್ನ ಗಾಡೀಗೆ ವಿಷ ಹಾಕಾಕಾ? ಹೇಳ್ಲೇ, ಹೇಳು!"

"ಕಳ್ಳನ್ನ ಹಿಡಿದ್ರು!" ಹಮಾಲರಲ್ಲಿ ಯಾರೋ ಅಂದರು. ಇನ್ಯಾರೋ ಮೊಬೈಲು ಎತ್ತಿ ಹಿಡಿದರು.

ಬಬ್ಲು ಬಿಡಿಸಿಕೊಳ್ಳಲಿಲ್ಲ. ಅವನ ಕಣ್ಣು ಅಕ್ರಮನ ಕೈ ಮೇಲಿತ್ತು. ಸಣ್ಣವರಿದ್ದಾಗ ಇಬ್ಬರೂ ಹಳೇ ಲಾರಿಯ ಹಾರ್ನು ಒತ್ತಲು ಕಿತ್ತಾಡಿ ಆದ ಗಾಯದ ಗುರುತು ಆ ಕೈ ಮೇಲೆ ಇನ್ನೂ ಇತ್ತು.

"ಕ್ಯಾನ್ ನೋಡು," ಎಂದ.

"ಏನ್ ನೋಡೋದು?"

"ಮುಚ್ಚಳ ನೋಡ್ಲೇ."

ಶಹನಾಜ್ ಬಗ್ಗಿದಳು. ಕ್ಯಾನಿನ ಸೀಲು ಒಡೆದಿರಲಿಲ್ಲ. ಒಳಗಿದ್ದದ್ದು ಅಂಗಡಿಯ ಹೊಸ ಯೂರಿಯಾ.

"ಫೋನ್ ಬಂತು," ಎಂದ ಬಬ್ಲು. ದನಿಯಲ್ಲಿ ಏರಿಳಿತವೇ ಇರಲಿಲ್ಲ. "ನಿನ್ನ ಟ್ಯಾಂಕಿಗೆ ಯಾರೋ ನೀರು ಹಾಕ್ಯಾರೆ ಅಂತ ಆವಾಗ್ಲೇ ನಂಗೆ ಗೊತ್ತಾಗಿದ್ದು. ನಿಂಗೆ ಹೇಳಾಣ ಅಂದ್ರೆ ನೀನು ಫೋನ್ ಎತ್ತಲ್ಲ. ಗಾಡಿ ಹೊರಡೋದ್ರೊಳಗೆ ಪೈಪ್ ಹಾಕಿ ಎಲ್ಲಾ ಎಳೆದು, ತೊಳೆದು, ಒಳ್ಳೇದು ತುಂಬಿ ಹೋಗಾಣ ಅಂತ ಬಂದೆ. ನಿಂಗೆ ಗೊತ್ತಾಗ್ದಂಗೆ. ಗೊತ್ತಾದ್ರೆ ಎಲ್ಲಿ ಬೇಡ ಅಂತೀಯೋ ಅಂತ."

ಅಕ್ರಮನ ಕೈ ಕೊರಳಪಟ್ಟಿಯಿಂದ ತಾನಾಗಿ ಜಾರಿತು. ಅದನ್ನೆಲ್ಲಿ ಇಡಬೇಕೆಂದು ತಿಳಿಯದೆ ಅವನು ತನ್ನ ಅಂಗಿಗೇ ಒರೆಸಿಕೊಂಡ.

"ಮತ್ತೆ ಬರ್ತೀನಿ ಅಂದ್ಯಲ್ಲ ಫೋನ್ನಾಗೆ?" ಶಹನಾಜ್ ಕೇಳಿದಳು. ಕೇಳಿದ ಮೇಲೆ ಕೇಳಬಾರದಿತ್ತು ಅನ್ನಿಸಿತು.

"ಬರಲ್ಲ ಅಂದಿದ್ರೆ ಅವ್ನು ಬ್ಯಾರೆಯೋರ್ನ ಕಳಿಸ್ತಿದ್ದ ಆಪಾ." ಬಬ್ಲು ತಲೆ ಎತ್ತಿದ. "ಆದ್ರೆ ಆ ಫೋನ್ ನಿಮ್ಗೆ ಹೆಂಗೆ ಗೊತ್ತು?"

ವಿನೋದ್ ತನ್ನ ಚಪ್ಪಲಿ ನೋಡಿಕೊಂಡ. ಕೊನೆಗೆ, ಬೇರೆ ದಾರಿ ಕಾಣದೆ, ಕೆನ್ನೆ ಉಬ್ಬಿಸಿ ಮೆಲ್ಲಗೆ ಅಂದ: "ಏಮ್ರಾ ಬಬ್ಲೂ..."

ಯಾವತ್ತೂ ಚಪ್ಪಾಳೆ ಗಿಟ್ಟಿಸುವ ದನಿ. ಇವತ್ತು ಒಬ್ಬ ಹಮಾಲ ಕೆಮ್ಮಿದ, ಅಷ್ಟೆ. ಮೊಬೈಲು ಎತ್ತಿದ್ದವರು ಒಬ್ಬೊಬ್ಬರೇ ಇಳಿಸಿದರು.

ಶಹನಾಜ್ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು; ಅದು ಸರಿಯಾಗಿಯೇ ಇತ್ತು. ಒಂದು ಒಣಗಿದ ಎಸಳು ಹಿಡಿದು ಒಬ್ಬ ಮನುಷ್ಯನ ಮಾನವನ್ನು ಈರುಳ್ಳಿ ಸಿಪ್ಪೆಯಂತೆ ಸುಲಿದಿದ್ದೆನಲ್ಲ ಎಂದು ಅವಳ ಕಣ್ಣು ಉರಿಯಿತು. ಉರಿಗೆ ಈರುಳ್ಳಿಯನ್ನು ದೂರುವ ಧೈರ್ಯವೂ ಬರಲಿಲ್ಲ.

"ತಪ್ಪಾತು ಬಬ್ಲು," ಎಂದಳು. "ಎಲ್ಲರ ಮುಂದೆ ಅಂದೆ. ಎಲ್ಲರ ಮುಂದೇನೇ ಕೇಳ್ತೀನಿ. ಮಾಫ್ ಮಾಡು."

"ನಿಮ್ಮ ಮಿಷಿನ್ನು ಗಾಡಿಗೆ ಪೈಪ್ ಸಿಗಿಸಿ ಪಾಸೋ ಫೇಲೋ ಹೇಳ್ತೈತೆ ಆಪಾ," ಎಂದ ಬಬ್ಲು, ಪೈಪಿನ ಸುತ್ತು ಬಿಚ್ಚುತ್ತ. "ಮನ್ಷರಿಗೆ ಎಲ್ಲಿ ಸಿಗಿಸ್ತೀರಿ?"

ಅವನು ಕೆಲಸಕ್ಕೆ ಕೂತ. ಟ್ಯಾಂಕಿನ ನೀರು ಪೈಪಿನಿಂದ ಬಕೆಟ್ಟಿಗೆ ಇಳಿಯತೊಡಗಿತು. ಅಕ್ರಮ್ ಬಕೆಟ್ಟು ಹಿಡಿದುಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಕೆಟ್ಟಿನಲ್ಲಿ ಇನ್ನೂ ನಾಲ್ಕಾರು ಎಸಳು ತೇಲಿದವು.

"ಹೂವಿನ ಬಕೆಟ್ ನೀರಲ್ಲ ಇದು," ಎಂದ ಬಬ್ಲು, ಮೂಸಿ. "ಅದು ಕೊಳೆತ ವಾಸ್ನೆ ಬರ್ತೈತೆ. ಇದ್ರಾಗೆ ಅತ್ತರಿನ ವಾಸ್ನೆ ಐತೆ."

ಅಷ್ಟರಲ್ಲಿ ಅಂಗಳದ ಬಾಗಿಲಲ್ಲಿ ಆಟೋ ನಿಂತಿತು. ಅಕ್ರಮನ ತಾಯಿ ಜೈನಾಬಿ ಇಳಿದಳು. ಕೈಯಲ್ಲಿ ಪ್ಲಾಸ್ಟಿಕ್ ತಂತಿಯ ಚೀಲ. ಮೇಲೆ ಬುತ್ತಿ, ಕೆಳಗೆ ಎರಡು ದೊಡ್ಡ ಬಾಟ್ಲಿ.

"ಬಾರವ್ವ ಜೈನಾಬಿ," ಎಂದಳು ಬೋರಕ್ಕ. "ಲೋಡಿನ ದಿನ ನೀನು ತಪ್ಪಂಗೇ ಇಲ್ಲ."

ಲಾರಿಯ ಪಕ್ಕ ಜನ ಸೇರಿದ್ದು ಕಂಡು ಜೈನಾಬಿ ನಿಂತಳು. ಚೀಲವನ್ನು ಬುರ್ಖಾದ ಮರೆಗೆ ಸರಿಸಿದಳು. ಆ ಸರಿಸುವಿಕೆಯನ್ನು ಶಹನಾಜ್ ನೋಡಿಬಿಟ್ಟಳು. ಬಾಟ್ಲಿಯ ತಳದಲ್ಲಿ ಕೆಂಪಗೆ ಏನೋ ಅಲುಗಿದ್ದೂ ಕಂಡಿತು.

ಈ ಸಲ ಅವಳು ಕೂಗಲಿಲ್ಲ. ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ಖಾಲಾ, ಬಾಟ್ಲೀಲಿ ಏನೈತೆ?"

"ಕುಡಿಯೋ ನೀರಮ್ಮಾ. ಮಗಂಗೆ."

"ಗುಲಾಬಿ ಹಾಕಿ ಕುಡೀತಾನಾ?"

ಜೈನಾಬಿ ಚೀಲ ಕೆಳಗಿಟ್ಟಳು. ಮಗನನ್ನು ನೋಡಿದಳು, ಬಕೆಟ್ಟನ್ನು ನೋಡಿದಳು, ಅದರಲ್ಲಿ ತೇಲುವ ಎಸಳುಗಳನ್ನು ನೋಡಿದಳು. ಪಕ್ಕದಲ್ಲಿದ್ದ ಈರುಳ್ಳಿ ಮೂಟೆಯ ಮೇಲೆ ಕೂತುಬಿಟ್ಟಳು.

"ದರ್ಗಾದ್ದು," ಎಂದಳು. "ದಮ್ ಮಾಡಿಸಿದ, ದುವಾ ಓದಿ ಊದಿಸಿದ ನೀರು. ಅವರಬ್ಬಾ ಹಳೇ ಗಾಡಿ ರೇಡಿಯೇಟರಿಗೆ ಪ್ರತಿ ಲೋಡಿಗೂ ಹಾಕ್ತಿದ್ರು. ಇಪ್ಪತ್ತು ವರ್ಷ ಒಂದು ಆಕ್ಸಿಡೆಂಟ್ ಇಲ್ಲ. ಈಗ ಅವರು ಇಲ್ಲಿಗೆ ಬರಲ್ಲ. ಅದ್ಕೆ ನಾನೇ..."

ಶಹನಾಜ್ ಅವಳ ಪಕ್ಕ ಕೂತು, ಇದ್ದದ್ದನ್ನು ಆದಷ್ಟು ಮೆತ್ತಗೆ ಹೇಳಿದಳು. ಹಳೇ ಗಾಡಿಗೆ ಅದು ಸರಿ ಖಾಲಾ. ಈ ನೀಲಿ ಮುಚ್ಚಳದ್ದು ಬರೀ ನೀರಲ್ಲ. ಇದಕ್ಕೆ ಬೇರೆ ನೀರು ಬೆರೆತರೆ ಗಾಡಿ ಉಸಿರು ಹಿಡಿದುಕೊಳ್ಳುತ್ತದೆ.

ದಮ್ಮಿನ ನೀರು ಕುಡಿದು ಲಾರಿಯ ದಮ್ಮು ಹೋಗಿತ್ತು. ಬೇರೆ ದಿನವಾಗಿದ್ದರೆ ವಿನೋದ್ ಇದನ್ನು ಬಿಡುತ್ತಿರಲಿಲ್ಲ. ಇವತ್ತು ಬಾಯಿಗೆ ಬಂದದ್ದನ್ನು ನುಂಗಿಕೊಂಡ.

ಜೈನಾಬಿ ಬುರ್ಖಾದ ತುದಿಯಲ್ಲಿ ಮುಖ ಮುಚ್ಚಿಕೊಂಡಳು. "ನನ್ನ ಕೈಯಾರೆ. ಯಾ ಅಲ್ಲಾ, ನನ್ನ ಕೈಯಾರೆ. ಕುರಿ ಕಾಯೋರೆಲ್ಲ ನಗೋಹಂಗೆ ಮಾಡ್ದೆ ನನ್ನ ಮಗನ್ನ."

"ಅಳಬ್ಯಾಡ ಅಮ್ಮೀ, ಅಳಬ್ಯಾಡ." ಅಕ್ರಮ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬಬ್ಲುವಿನ ಕಡೆಗೊಮ್ಮೆ ನೋಡಿ, ನೋಡಲಾಗದೆ ತಲೆ ತಿರುಗಿಸಿದ. "ನಂಗೆ ಒಂದು ಮಾತು ಹೇಳಬಾರ್ದಾ? ಹೇಳಿದ್ರೆ ನಾನು ಇವ್ನ ಕುತ್ತಿಗೆ ಹಿಡೀತಿದ್ನಾ?"

ಜೈನಾಬಿ ಬುರ್ಖಾ ಸರಿಸಿದಳು. ಕಣ್ಣಲ್ಲಿ ನೀರಿತ್ತು, ಅದರ ಹಿಂದೆ ಗೊಂದಲವಿತ್ತು.

"ನೀನೇ ಅಲ್ವೇನೋ ಹೇಳಬ್ಯಾಡ ಅಂದಿದ್ದು?"

"ನಾನಾ?"

"ಫೋನ್ ಮಾಡಿ. ನೀಲಿ ಮುಚ್ಚಳ ಅಂತ ನಂಗೇನು ಕನಸು ಬಿದ್ದಿತ್ತಾ? ನಾನು ರೇಡಿಯೇಟರ್ ಹುಡುಕ್ತಿದ್ದೆ. ನೀನೇ ಹೊಸ ನಂಬರಿಂದ ಮಾಡಿ ಹೇಳ್ದೆ. ನೀಲಿ ಮುಚ್ಚಳ್ದಾಗೆ ಹಾಕು, ಎರಡು ಬಾಟ್ಲಿ ಹಾಕು, ಯಾರ ಮುಂದೂ ಆಡಬ್ಯಾಡ, ನನ್ನ ಮುಂದೂ ಆಡಬ್ಯಾಡ, ಆಡಿದ್ರೆ ಬರ್ಕತ್ ಹೋಗ್ತೈತೆ ಅಂತ."

"ಅಮ್ಮೀ, ನಾನು ಅಂಥ ಫೋನ್ ಮಾಡೇ ಇಲ್ಲ."

"ಹೆತ್ತ ಮಗನ ದನಿ ನಂಗೆ ಗೊತ್ತಾಗಲ್ವಾ?" ಜೈನಾಬಿಗೆ ಸಿಟ್ಟು ಬಂತು. "'ಪಾನಿ ಡಾಲೋ ಅಮ್ಮೀ, ಡಾಲೋ' ಅಂದೆ. ಎರಡೆರಡು ಸಲ. ಆಮೇಲೆ ನಿನ್ನ ಮೂಗು, ಸುರ್ರ್ ಅಂತ."



ಮೊದಲು ತಿರುಗಿದ್ದು ಬೋರಕ್ಕನ ತಲೆ. ಆಮೇಲೆ ಹಮಾಲರದು. ಆಮೇಲೆ ಅಕ್ರಮನದು, ನಿಧಾನವಾಗಿ, ನಂಬಲು ಇಷ್ಟವಿಲ್ಲದವನಂತೆ. ಎಲ್ಲ ಕಣ್ಣೂ ಒಂದೇ ಗಂಟಲಿನ ಮೇಲೆ ನಿಂತವು.

"ನಾನಲ್ಲ," ಎಂದ ವಿನೋದ್.

ಅದು ಅಕ್ರಮನ ದನಿಯಲ್ಲ, ಯರ್ರಪ್ಪನದಲ್ಲ, ಯಾರದೂ ಅಲ್ಲ. ಶಹನಾಜ್ ಅಷ್ಟು ದಿನದಲ್ಲಿ ಅವನ ಸ್ವಂತ ದನಿ ಕೇಳಿದ್ದು ಅದೇ ಮೊದಲಿರಬೇಕು. ತೆಳ್ಳಗಿತ್ತು, ನೀರು ಬೆರೆತಂತೆ. ಒಬ್ಬರೂ ನಂಬಲಿಲ್ಲ.

ಹೊಸ ನಂಬರು. ಕದ್ದ ದನಿ. ಇದೇ ಅಂಗಳದಲ್ಲಿ, ಸ್ವಲ್ಪ ಹೊತ್ತಿಗೆ ಮುಂಚೆ, ಅದೇ ಉಪಾಯವನ್ನು ಅವನ ಬಾಯಿಗೆ ಹಾಕಿದವಳು ತಾನೇ ಎಂದು ಶಹನಾಜಳಿಗೆ ಹೊಳೆಯಿತು. ಅದಕ್ಕೆ ಅವನ ಕಣ್ಣು ಮಿನುಗಿದ್ದು ಹೊಸ ಆಟದ ಖುಷಿಗೋ, ಹಳೇ ಆಟದ ನೆನಪಿಗೋ? ಯರ್ರಪ್ಪ ಅವನ ಬೀದಿಯವನು. ಒಬ್ಬನನ್ನು ಎಸಳಿನಷ್ಟು ಸಾಕ್ಷಿಗೆ ಹಿಡಿದು ನಾಚಿದ ನಾಲಿಗೆ ಈಗ ಇನ್ನೊಬ್ಬನ ಹೆಸರು ಹೇಳಲು ಏಳಲಿಲ್ಲ. ಅವಳು ಬರೀ ಕೈ ಚಾಚಿದಳು.

"ವಿನೋದ್, ಆ ಇನ್ನೊಂದು ಸಿಮ್ ಕೊಡು. ಯಾರ್ಯಾರಿಗೆ ಫೋನ್ ಹೋಗೈತೆ ನೋಡ್ತೀನಿ."

ವಿನೋದನ ಕೈ ಜೇಬಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಹೊರಗೆ ಬರಲಿಲ್ಲ.

ಆಗ ನಗು ಕೇಳಿಸಿತು.

ಬಬ್ಲು. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ, ಆಮೇಲೆ ಇಡೀ ಮೈಯಲ್ಲಿ. ಲಾರಿಯ ಚಕ್ರಕ್ಕೆ ಬೆನ್ನು ಕೊಟ್ಟು ಕೂತು, ಅವತ್ತು ಯಾರೂ ನಗದಷ್ಟು ಜೋರಾಗಿ ನಕ್ಕ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತುಂಬಲೆಂದು ಆಗಷ್ಟೇ ಸೀಲು ಒಡೆದ ಕ್ಯಾನು ಕೈಯಲ್ಲಿ ಅಲುಗಿ, ಹೊಸ ಯೂರಿಯಾ ನೀಲಿ ಬಾಯಿಗೆ ಅರ್ಧ, ಅಂಗಳದ ಮಣ್ಣಿಗೆ ಅರ್ಧ ಬೀಳುತ್ತಿತ್ತು.

"ಸಿಗಿಸ್ರಿ ಆಪಾ," ಎಂದ ಉಸಿರು ಸಿಕ್ಕಾಗ, ವಿನೋದನ ಜೇಬನ್ನು ತೋರಿಸುತ್ತ. "ಈಗ ಸಿಗಿಸ್ರಿ ನಿಮ್ಮ ಪೈಪು!"